ದೊಡ್ಡ ನಂಬರ್ ಬೇಡ, ಮೊದಲ ಟೇಪ್ ಹುಡುಕಿ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನಿರ್ದೇಶಕರಿಗೆ, ಶಾಸ್ತ್ರೀಯ ಸಂಗೀತದ ಹಳೆಯ ಧ್ವನಿಮುದ್ರಣಗಳ ಹಕ್ಕು ಹೊಂದಿರುವ ಕಂಪನಿಗಳಿಗೆ, ಮೈಸೂರು ಸೀಮೆಯ ಸಂಗೀತ ಸಭೆಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ನಾನು ಮೈಸೂರಿನಲ್ಲಿ ಕಛೇರಿಗಳ ರೆಕಾರ್ಡಿಂಗ್ ಮಾಡಿಕೊಂಡು ಬಂದವನು. ಮೊದಲು ಸ್ಪೂಲ್, ಆಮೇಲೆ ಕ್ಯಾಸೆಟ್, ಆಮೇಲೆ ಡ್ಯಾಟ್ ಎಂಬ ಚಿಕ್ಕ ಡಿಜಿಟಲ್ ಕ್ಯಾಸೆಟ್, ಈಗ ಮೆಮೊರಿ ಕಾರ್ಡ್. ನಿಮ್ಮೆಲ್ಲರ ಮುಂದೆ ಒಂದು ಕೋರಿಕೆ ಇಡುತ್ತಿದ್ದೇನೆ. 1980 ಮತ್ತು 90ರ ದಶಕಗಳಲ್ಲಿ ಡಿಜಿಟಲ್ ಟೇಪಿನ ಮೇಲೆ, ಅಂದರೆ ಧ್ವನಿಯನ್ನು ಅಳೆದು ಅಂಕಿಗಳಾಗಿ ಬರೆದಿಡುವ ಟೇಪಿನ ಮೇಲೆ, ಮುದ್ರಿಸಿದ ಸಂಗೀತ ಈಗ ಹೈ-ರೆಸಲ್ಯೂಷನ್ ಡಿಸ್ಕುಗಳಾಗಿ ಮತ್ತೆ ಬರುತ್ತಿದೆ. ಬರಲಿ, ಬಹಳ ಸಂತೋಷ. ಆದರೆ ಮೊದಲ ಟೇಪ್ ಹುಡುಕಿ, ಅದರಲ್ಲಿರುವ ಅಂಕಿಗಳನ್ನು ಇದ್ದ ಹಾಗೇ ಇಳಿಸಿಕೊಂಡು, ಅದರಿಂದಲೇ ಡಿಸ್ಕ್ ಮಾಡಿ. ಮೂಲ ಯಾವುದು ಎಂದು ಹೊದಿಕೆಯ ಮೇಲೆ ಬರೆಯಿರಿ. ಆ ಟೇಪುಗಳನ್ನು ಓದುವ ಯಂತ್ರಗಳು ಇನ್ನೂ ಓಡುತ್ತಿರುವಾಗಲೇ ಈ ಕೆಲಸ ಆಗಬೇಕು.

ಈ ಪತ್ರಕ್ಕೆ ಕಾರಣವಾದ ಡಿಸ್ಕಿನ ವಿಷಯ ಹೇಳಿಬಿಡುತ್ತೇನೆ. ಇತ್ತೀಚೆಗೆ 1980ರ ದಶಕದ ಒಂದು ಕರ್ನಾಟಕ ಸಂಗೀತದ ಮುದ್ರಣದ ಮರುಬಿಡುಗಡೆ ಕೊಂಡುಕೊಂಡೆ. ಹೊದಿಕೆಯ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಒಂದೊಂದು ಅಳತೆಯನ್ನು ಎಷ್ಟು ಉದ್ದದ ಅಂಕಿಯಲ್ಲಿ ಬರೆದಿದೆ ಎಂಬುದು ಬಿಟ್, ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದಿದೆ ಎಂಬುದು ಕಿಲೋಹರ್ಟ್ಸ್. ಬೆಲೆಯೂ ಅದಕ್ಕೆ ತಕ್ಕಂತೇ ಇತ್ತು. ಮೂಲ ಟೇಪ್ ಯಾವುದು, ಯಾವ ಯಂತ್ರದಲ್ಲಿ ಮುದ್ರಿಸಿದ್ದು, ಯಾರು ಇಳಿಸಿದ್ದು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಂಪ್ಯೂಟರಿಗೆ ಹಾಕಿ ಸ್ಪೆಕ್ಟ್ರಮ್, ಅಂದರೆ ಯಾವ ಎತ್ತರದ ಸ್ವರ ಎಷ್ಟಿದೆ ಎಂಬ ಚಿತ್ರ, ನೋಡಿದೆ. ಧ್ವನಿ 22 ಕಿಲೋಹರ್ಟ್ಸ್ ಹತ್ತಿರ ಬಂದು ಥಟ್ಟನೆ ನಿಂತುಹೋಗುತ್ತದೆ. ಅಲ್ಲಿಂದ 96 ಕಿಲೋಹರ್ಟ್ಸ್ ತನಕ ಬರೀ ಖಾಲಿ. ಅದೇ ಮುದ್ರಣದ ಹಳೆಯ ಸಿಡಿ ನನ್ನ ಹತ್ತಿರ ಇದೆ. ಎರಡರ ಜೋರನ್ನೂ ಸಮ ಮಾಡಿಕೊಂಡು ಕೇಳಿದರೆ ಹೊಸದರಲ್ಲಿ ಕಂಡ ಬದಲಾವಣೆ ಒಂದೇ. ಎಲ್ಲವನ್ನೂ ಒತ್ತಿ ಜೋರು ಮಾಡಿದ್ದಾರೆ. ಮೃದಂಗದ ಪೆಟ್ಟುಗಳು ಚಪ್ಪಟೆಯಾಗಿವೆ. ಹಿಂದೆ ಇರಬೇಕಾದ ತಂಬೂರಿ ಗಾಯಕರ ಪಕ್ಕಕ್ಕೇ ಬಂದು ಕೂತಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ಇದು ಒಬ್ಬರ ಮಾತಲ್ಲ, ಒಂದು ಅಭ್ಯಾಸದ ಮಾತು.

ಲೆಕ್ಕ ಸರಳ. ಸಿಡಿಯಲ್ಲಿರುವಂತೆ ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟ ಧ್ವನಿಯಲ್ಲಿ ಅದರ ಅರ್ಧ, ಅಂದರೆ 22,050 ಹರ್ಟ್ಸ್‌ಗಿಂತ ಮೇಲಿನದು ಏನೂ ಇರುವುದಿಲ್ಲ. 16 ಬಿಟ್‌ನಲ್ಲಿ ಬರೆದರೆ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ. ಆಮೇಲೆ ಅದನ್ನೇ 24 ಬಿಟ್, 192 ಕಿಲೋಹರ್ಟ್ಸ್‌ಗೆ ಏರಿಸಬಹುದು. ಲೋಟದ ಹಾಲನ್ನು ಬಿಂದಿಗೆಗೆ ಸುರಿದರೆ ಹಾಲು ಜಾಸ್ತಿ ಆಗುವುದಿಲ್ಲ, ಅಲ್ವಾ? ಅಷ್ಟೇ. ಸೂಪರ್ ಆಡಿಯೊ ಸಿಡಿಗೂ ಇದೇ ಮಾತು. 1999ರಲ್ಲಿ ಬಂದ ಆ ಡಿಸ್ಕ್ ಒಂದೊಂದೇ ಬಿಟ್‌ನಂತೆ ಸೆಕೆಂಡಿಗೆ 28 ಲಕ್ಷಕ್ಕೂ ಜಾಸ್ತಿ ಸಲ ಬರೆಯುತ್ತದೆ. ಒಳಗೆ ಹೋಗದ ಧ್ವನಿಯನ್ನು ಅದೂ ಹೊರಗೆ ತರಲಾರದು.

ಹಾಗಾದರೆ ಹಳೆಯ ಡಿಜಿಟಲ್ ಮುದ್ರಣಗಳನ್ನು ಮತ್ತೆ ಮಾಸ್ಟರ್ ಮಾಡುವುದೇ, ಅಂದರೆ ಡಿಸ್ಕಿಗಾಗಿ ಹೊಸದಾಗಿ ಸಿದ್ಧಪಡಿಸುವುದೇ, ದಂಡವೇ? ಖಂಡಿತ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮೇಲಿನ ಲೆಕ್ಕ ಗೊತ್ತಿರುವ ಕೆಲವರು ಅಲ್ಲಿಗೇ ಮಾತು ಮುಗಿಸಿಬಿಡುತ್ತಾರೆ. ಶುರುವಿನ ಡಿಜಿಟಲ್ ಕಾಲದಲ್ಲಿ ಎಲ್ಲರದ್ದೂ ಒಂದೇ ಅಳತೆ ಇರಲಿಲ್ಲ. ಜಪಾನಿನ ಡೆನಾನ್ 1972ರಲ್ಲಿ ಸ್ಮೆಟಾನಾ ಕ್ವಾರ್ಟೆಟ್ ನುಡಿಸಿದ ಮೊಜಾರ್ಟನನ್ನು ಮುದ್ರಿಸಿದಾಗ ಅದರ ಯಂತ್ರ 13 ಬಿಟ್, 47.25 ಕಿಲೋಹರ್ಟ್ಸ್‌ನದ್ದು. ಅಮೆರಿಕದಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಕಟ್ಟಿದ ಸೌಂಡ್‌ಸ್ಟ್ರೀಮ್ ಯಂತ್ರದ್ದು 16 ಬಿಟ್, 50 ಕಿಲೋಹರ್ಟ್ಸ್. ಟೆಲಾರ್ಕ್ ಕಂಪನಿ 1978ರಿಂದ ಅದರಲ್ಲೇ ಮುದ್ರಿಸಿತು. ಇಂಗ್ಲೆಂಡಿನ ಡೆಕ್ಕಾ ತನ್ನದೇ ಯಂತ್ರ ಮಾಡಿಕೊಂಡು 1979ರ ವಿಯೆನ್ನಾ ಹೊಸವರ್ಷದ ಕಛೇರಿಯನ್ನು 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿತು. ಇವೆಲ್ಲ ಆಗಿದ್ದು 1982ರಲ್ಲಿ ಸಿಡಿ ಅಂಗಡಿಗೆ ಬರುವ ಮೊದಲು. ಸಿಡಿ ಮಾಡುವಾಗ ಇವನ್ನೆಲ್ಲ 44.1 ಕಿಲೋಹರ್ಟ್ಸ್‌ಗೆ ಇಳಿಸಬೇಕಾಯಿತು. ಅಂದಿನ ಸಲಕರಣೆಗಳಲ್ಲಿ ಆ ಇಳಿಕೆ ಒರಟಾಗೇ ಆಗುತ್ತಿತ್ತು. ಟೆಲಾರ್ಕ್ ಮುಂದೆ ತನ್ನ ಸೌಂಡ್‌ಸ್ಟ್ರೀಮ್ ಟೇಪುಗಳಿಗೇ ವಾಪಸ್ ಹೋಗಿ, 50 ಕಿಲೋಹರ್ಟ್ಸ್‌ನಿಂದ ನೇರವಾಗಿ ಸೂಪರ್ ಆಡಿಯೊ ಸಿಡಿ ಮಾಡಿತು. ಸಿಡಿಯಲ್ಲಿ ಕತ್ತರಿಸಿಹೋಗಿದ್ದ ಮೇಲಿನ ತುದಿ ಅಲ್ಲಿ ಉಳಿಯಿತು. ಅದು ದೊಡ್ಡ ಭಾಗವೇನಲ್ಲ. ಆದರೆ ಟೇಪಿನಲ್ಲಿದ್ದದ್ದು ಇದ್ದ ಹಾಗೆ ಬಂತು. ನಾನು ಕೇಳುತ್ತಿರುವುದೂ ಇದನ್ನೇ.

ಇನ್ನು 44.1 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದು ನಮ್ಮ ಸಭೆಗಳವರಿಗೆ ಗೊತ್ತಿರಲೇಬೇಕು. ಅದಕ್ಕೂ ನಿಮ್ಮ ಕಪಾಟಿಗೂ ಸಂಬಂಧ ಇದೆ. ಆಗ ಅಷ್ಟು ಅಂಕಿಗಳನ್ನು ಹಿಡಿದಿಡುವ ಶಕ್ತಿ ಇದ್ದದ್ದು ವಿಡಿಯೊ ಟೇಪಿಗೆ. ಟಿವಿ ಚಿತ್ರದ ಒಂದೊಂದು ಗೆರೆಯ ಜಾಗದಲ್ಲಿ ಧ್ವನಿಯ ಮೂರು ಅಳತೆಗಳನ್ನು ಬರೆದರು. ನಮ್ಮ 50 ಹರ್ಟ್ಸ್ ಪದ್ಧತಿಯಲ್ಲಿ 294 ಗೆರೆ, ಮೂರು ಅಳತೆ, ಸೆಕೆಂಡಿಗೆ 50 ಸಲ. ಗುಣಿಸಿದರೆ 44,100. ಅಮೆರಿಕ, ಜಪಾನಿನ 60 ಹರ್ಟ್ಸ್ ಪದ್ಧತಿಯಲ್ಲಿ 245 ಗೆರೆ. ಉತ್ತರ ಅದೇ. ಧ್ವನಿಯನ್ನು ಅಂಕಿ ಮಾಡುವ ಸೋನಿಯ ಪೆಟ್ಟಿಗೆಗಳಾದ ಪಿಸಿಎಂ-1600, 1610, 1630 ಎಲ್ಲ ಯೂಮ್ಯಾಟಿಕ್ ವಿಡಿಯೊ ಕ್ಯಾಸೆಟ್ ಮೇಲೆ ಬರೆಯುತ್ತಿದ್ದವು. 1981ರಲ್ಲಿ ಬಂದ ಚಿಕ್ಕ ಪಿಸಿಎಂ-ಎಫ್1 ಪೆಟ್ಟಿಗೆಯನ್ನು ಮನೆಯ ವಿಡಿಯೊ ಯಂತ್ರವಾದ ಬೀಟಾಮ್ಯಾಕ್ಸ್‌ಗೂ ಜೋಡಿಸಬಹುದಿತ್ತು.

ಹೀಗಾಗಿ ಎಷ್ಟೋ ಸಂಗೀತ ವಿಡಿಯೊ ಕ್ಯಾಸೆಟ್ಟಿನ ವೇಷದಲ್ಲಿದೆ. ಯಾರೋ ಒಬ್ಬರು ಕಪಾಟು ಖಾಲಿ ಮಾಡುವಾಗ ಅದನ್ನು ವಿಸಿಆರ್‌ಗೆ ಹಾಕಿ ನೋಡುತ್ತಾರೆ. ಪರದೆಯ ಮೇಲೆ ಕಪ್ಪು ಬಿಳಿ ಚುಕ್ಕೆಗಳು ಮಿಣಮಿಣ ಅನ್ನುತ್ತವೆ. ಮಾತಿಲ್ಲ, ಚಿತ್ರವಿಲ್ಲ. ಕ್ಯಾಸೆಟ್ ಕೆಟ್ಟಿದೆ ಎಂದುಕೊಂಡು ಗುಜರಿಗೆ ಹಾಕುತ್ತಾರೆ. ಆ ಚುಕ್ಕೆಗಳೇ ಸಂಗೀತ! ದಯವಿಟ್ಟು ಅಂಥ ಕ್ಯಾಸೆಟ್ ಕಂಡರೆ ಬಿಸಾಡಬೇಡಿ. ಕಂಪನಿಗಳ ಗೋದಾಮು ನೋಡಿಕೊಳ್ಳುವವರಿಗೂ ಈ ಮಾತು ತಲುಪಿಸಿ.

ನಮ್ಮ ಸಂಗೀತಕ್ಕೆ ಶುರುವಿನ ಡಿಜಿಟಲ್ ಹೇಗೆ ಹೊಂದಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಶ್ಚಾತ್ಯ ವಾದ್ಯವೃಂದದ ಟೇಪಿಗೆ ಮಾಡುವುದನ್ನೇ ಇಲ್ಲಿಗೂ ಮಾಡಿದರೆ ಆಗದು.

ಸ್ಪೂಲ್ ಟೇಪಿನ ಮೇಲೆ ಸದ್ದು ಜಾಸ್ತಿಯಾದರೆ ಅದು ತಡೆದುಕೊಳ್ಳುತ್ತಿತ್ತು. ಧ್ವನಿ ಮೆಲ್ಲಗೆ ದಪ್ಪವಾಗುತ್ತಿತ್ತು, ಅಷ್ಟೇ. ಡಿಜಿಟಲ್ ಹಾಗಲ್ಲ. ಮಿತಿ ಮೀರಿತೋ, ಚಟ್ ಅಂತ ಒಡೆಯುತ್ತದೆ. ಕಛೇರಿಯಲ್ಲಿ ಎಲ್ಲಕ್ಕಿಂತ ಜೋರು ಬರುವುದು ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ. ಮೃದಂಗವೂ ಘಟವೂ ಕೊನೆಯ ಮುಕ್ತಾಯಕ್ಕೆ ಬಂದಾಗ ಮೀಟರಿನ ಮುಳ್ಳು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಆದ್ದರಿಂದ ಎಲ್ಲ ರೆಕಾರ್ಡಿಂಗ್‌ನವರೂ ತನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲೇ ಲೆವೆಲ್ ತಗ್ಗಿಸುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ಅದು ಸರಿಯಾದ ಕೆಲಸವೇ. ಆದರೆ ಅದಕ್ಕೆ ತೆರಬೇಕಾದ ಬೆಲೆ ಇತ್ತು. ಒಂದು ಬಿಟ್‌ಗೆ ಸುಮಾರು 6 ಡೆಸಿಬಲ್. ಆಲಾಪನೆ ಮಿತಿಗಿಂತ 30 ಡೆಸಿಬಲ್ ಕೆಳಗೆ ಓಡುತ್ತಿದ್ದರೆ, 16 ಬಿಟ್‌ನಲ್ಲಿ ಐದು ಸುಮ್ನೆ ಮೇಲೆ ಕೂತಿರುತ್ತವೆ. ಕೆಲಸ ಮಾಡುವುದು ಹನ್ನೊಂದೇ. ಅದರ ಮೇಲೆ, ಧ್ವನಿಯನ್ನು ಅಂಕಿ ಮಾಡುವ ಅಂದಿನ ಅನೇಕ ಪರಿವರ್ತಕಗಳು ಸಣ್ಣ ಸದ್ದುಗಳನ್ನು ಅಳೆಯುವುದರಲ್ಲಿ ಅಷ್ಟೊಂದು ನಿಖರವಲ್ಲ. ವೀಣೆಯ ಒಂದು ಮೀಟು ಗಮಕದೊಡನೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಮರಳು ಮರಳಾಗಿ ಕೇಳುವುದು ಇದೇ ಕಾರಣಕ್ಕೆ. ತಂಬೂರಿಯ ಜೀವಾಳ ಒಣಗಿದಂತೆ ಅನ್ನಿಸುವುದೂ ಹೀಗೇ.

ಒಮ್ಮೆ ಮರಳಾದ ತುದಿಯನ್ನು ಯಾರೂ ಮತ್ತೆ ನುಣುಪು ಮಾಡಲಾರರು. ಆದರೆ ಈಗ ಇರುವುದನ್ನು ಇನ್ನಷ್ಟು ಕೆಡಿಸದೆ ಇರಬಹುದು. ಇಲ್ಲೇ 24 ಬಿಟ್‌ನ ನಿಜವಾದ ಉಪಯೋಗ. ಲೆವೆಲ್ ಏರಿಸುವುದು, ಮೇಲಿನ, ಕೆಳಗಿನ ಸ್ವರಗಳ ಜೋರನ್ನು ಸ್ವಲ್ಪ ತಿದ್ದುವುದು, ಇದನ್ನೆಲ್ಲ ಉದ್ದದ ಅಂಕಿಗಳಲ್ಲಿ ಲೆಕ್ಕ ಹಾಕಿ ಮಾಡಿದರೆ ಹೊಸ ಮರಳು ಸೇರುವುದಿಲ್ಲ. ಮಾಸ್ಟರ್ ಮಾಡುವವರ ಕೋಣೆಯಲ್ಲಿ 24 ಬಿಟ್ ಬೇಕೇಬೇಕು. ಹೊದಿಕೆಯ ಮೇಲೆ ಅದನ್ನೇ ಮೂಲದ ಗುಣ ಎಂಬಂತೆ ಬರೆಯುವುದಕ್ಕೆ ನನ್ನ ತಕರಾರು. ಇನ್ನೊಂದು ಮಾತು. ಪೆಂಡಾಲಿನಲ್ಲಿ ಮುದ್ರಿಸಿದ ಕಛೇರಿಗೆ 16 ಬಿಟ್ಟೇ ಧಾರಾಳ. ಫ್ಯಾನ್ ಸದ್ದು, ಹೊರಗಿನ ರಸ್ತೆಯ ಸದ್ದು, ಮಗುವಿನ ಅಳು, ಇವೆಲ್ಲ ಟೇಪಿನ ಸದ್ದಿಗಿಂತ ಎಷ್ಟೋ ಮೇಲಿರುತ್ತವೆ. ಅವನ್ನು ಸಾಫ್ಟ್‌ವೇರ್ ಹಾಕಿ ಒರೆಸಿಬಿಡಬೇಡಿ. ಫ್ಯಾನಿನ ಜೊತೆ ತಂಬೂರಿಯೂ ಅಳಿಸಿಹೋಗುತ್ತದೆ. ಇದನ್ನು ನಾನು ಬೇಕಾದಷ್ಟು ಮರುಮುದ್ರಣಗಳಲ್ಲಿ ಕೇಳಿದ್ದೇನೆ.

ಡಿಜಿಟಲ್ ಅಂದರೆ ಕಿವಿಗೆ ಚುಚ್ಚುತ್ತದೆ ಎಂಬ ದೂರು ಆ ಕಾಲದಿಂದಲೂ ಇದೆ. ಅದರಲ್ಲಿ ಒಂದು ಪಾಲು ಡಿಜಿಟಲ್‌ನ ತಪ್ಪೇ ಅಲ್ಲ. ಅನೇಕ ಹಳೆಯ ಯಂತ್ರಗಳು ಮುದ್ರಿಸುವಾಗ ಮೇಲಿನ ಸ್ವರಗಳನ್ನು ಬೇಕೆಂದೇ ಎತ್ತಿ ಬರೆಯುತ್ತಿದ್ದವು. ಅದಕ್ಕೆ ಪ್ರಿ-ಎಂಫಸಿಸ್ ಎನ್ನುತ್ತೇವೆ. ಕೇಳಿಸುವಾಗ ಅಷ್ಟನ್ನೇ ಇಳಿಸಬೇಕು. ಹಾಗೆ ಎತ್ತಿ ಬರೆದದ್ದಕ್ಕೆ ಟೇಪಿನಲ್ಲಿ ಒಂದು ಗುರುತು ಇರುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ಆ ಗುರುತು ತಪ್ಪಿಹೋದರೆ, ಅತಿ ಮೇಲಿನ ಸ್ವರಗಳು 10 ಡೆಸಿಬಲ್‌ನಷ್ಟು ಜಾಸ್ತಿಯಾಗಿ ಕೇಳುತ್ತವೆ. ಪಿಟೀಲು ಕೀರಲಾಗುತ್ತದೆ. ಪಿಸಿಎಂ-ಎಫ್1ಗೆ ಬೇರೆ ತೊಂದರೆ. ಎಡ ಬಲ ಎರಡಕ್ಕೂ ಒಂದೇ ಪರಿವರ್ತಕ ಸರದಿಯಂತೆ ಕೆಲಸ ಮಾಡುತ್ತಿತ್ತು. ಹಾಗಾಗಿ ಒಂದು ಬದಿ ಇನ್ನೊಂದಕ್ಕಿಂತ ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ 11ರಷ್ಟು ಹಿಂದೆ. ಅಂಕಿಗಳನ್ನು ನೇರ ಇಳಿಸಿದ ಮೇಲೆ ಇದನ್ನು ಸರಿಪಡಿಸಬೇಕು. ಇಂಥ ಸಣ್ಣ ಸಣ್ಣ ವಿಷಯ ಗೊತ್ತಿದ್ದವರ ಕೈಗೆ ಟೇಪ್ ಕೊಟ್ಟರೆ, 192ರ ಹಂಗಿಲ್ಲದೆ ಹಳೆಯ ಮುದ್ರಣ ಬೇರೆಯೇ ಥರ ಕೇಳುತ್ತದೆ.

ಈಗ ಅವಸರದ ಮಾತು. ಡಿಜಿಟಲ್ ಅಲ್ವಾ, ಕೆಡುವುದಿಲ್ಲ ಎಂದು ಎಲ್ಲರೂ ನಂಬಿಕೊಂಡಿದ್ದಾರೆ. ಹಳೆಯ ಗ್ರಾಮಫೋನ್ ತಟ್ಟೆ, ಸ್ಪೂಲ್ ಉಳಿಸುವ ಬಗ್ಗೆ ಸಭೆಗಳಲ್ಲಿ ಮಾತು ಬರುತ್ತದೆ. ಡ್ಯಾಟ್ ಬಗ್ಗೆ ಬರುವುದಿಲ್ಲ. ವಾಸ್ತವ ಉಲ್ಟಾ. ತಟ್ಟೆಯನ್ನು ಇನ್ನೂ ನೂರು ವರ್ಷ ಬಿಟ್ಟು ಬಂದವರೂ ಒಂದು ಮುಳ್ಳಿಟ್ಟು ಕೇಳಬಹುದು. ಹಳೆಯ ಸ್ಪೂಲ್ ಸವೆದರೆ ಗೊರಗೊರ ಅನ್ನುತ್ತದೆ, ಆದರೂ ಹಾಡು ಕೇಳುತ್ತದೆ. ಡಿಜಿಟಲ್ ಟೇಪಿನಲ್ಲಿ ತಪ್ಪುಗಳು ಒಂದು ಮಟ್ಟದವರೆಗೆ ತಾವಾಗಿಯೇ ಸರಿಹೋಗುತ್ತವೆ. ಏನೂ ಆಗಿಲ್ಲ ಅನ್ನಿಸುತ್ತದೆ. ಆ ಮಟ್ಟ ದಾಟಿದರೆ ಯಂತ್ರ ಊಹೆಯಿಂದ ತುಂಬಿಸುತ್ತದೆ. ಅದನ್ನೂ ದಾಟಿದರೆ ಧ್ವನಿಯನ್ನೇ ಮುಚ್ಚಿಬಿಡುತ್ತದೆ.

ಡ್ಯಾಟ್ ಬಂದದ್ದು 1987ರಲ್ಲಿ. ಸೋನಿ ತನ್ನ ಡ್ಯಾಟ್ ಯಂತ್ರಗಳ ತಯಾರಿಕೆ ನಿಲ್ಲಿಸಿದ್ದು 2005ರಲ್ಲಿ. 4 ಮಿಲಿಮೀಟರ್ ಕೂಡ ಅಗಲ ಇಲ್ಲದ ಟೇಪ್. ತಿರುಗುವ ಹೆಡ್ಡು ಅದರ ಮೇಲೆ ಓರೆಯಾಗಿ ಬರೆಯುತ್ತದೆ. ಬರೆದ ಯಂತ್ರದ ಹೊಂದಾಣಿಕೆ ಒಂಚೂರು ತಪ್ಪಿದ್ದರೆ ಇನ್ನೊಂದು ಯಂತ್ರ ಅದನ್ನು ಓದುವುದಿಲ್ಲ. ಟೇಪ್ ಉಳಿಸಲು ಕೆಲವರು ಲಾಂಗ್ ಪ್ಲೇ ಹಾಕುತ್ತಿದ್ದರು. ಆಗ ಅದು 32 ಕಿಲೋಹರ್ಟ್ಸ್, 12 ಬಿಟ್. ಅಂಥ ಟೇಪನ್ನು ಓದಲು ಎಲ್ಲ ಯಂತ್ರಗಳಿಗೂ ಬರುವುದಿಲ್ಲ. ಯೂಮ್ಯಾಟಿಕ್‌ನ ಕಥೆ ಇನ್ನೂ ಕಷ್ಟ. ಸಿಡಿ ಮಾಸ್ಟರುಗಳೆಲ್ಲ 60 ಹರ್ಟ್ಸ್ ಪದ್ಧತಿಯವು. ನಮ್ಮಲ್ಲಿ ವಿಡಿಯೊ ಕೆಲಸಕ್ಕೆ ಬಳಸುತ್ತಿದ್ದ 50 ಹರ್ಟ್ಸ್ ಯೂಮ್ಯಾಟಿಕ್ ಸಿಕ್ಕರೂ ಪ್ರಯೋಜನ ಇಲ್ಲ. ಇದರ ಜೊತೆಗೆ ಮಳೆಗಾಲ. ಮುಚ್ಚಿದ ಬೀರುವಿನಲ್ಲಿಟ್ಟ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವುದು ನಮ್ಮ ಮನೆಗಳಲ್ಲಿ ಹೊಸದಲ್ಲ.

ಕಂಪನಿಗಳಿಗೆ ನೇರವಾಗಿ ಒಂದು ಮಾತು. ನಮ್ಮ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. 1985ರಲ್ಲಿ ಬಂದ ಒಂದು ಮುದ್ರಣದ ಹಕ್ಕು 2045ರ ಕೊನೆಯವರೆಗೂ ನಿಮ್ಮದೇ. ಅಲ್ಲಿಯ ತನಕ ಆ ಟೇಪು ಓದುವ ಸ್ಥಿತಿಯಲ್ಲಿ ಉಳಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಯಂತ್ರವಂತೂ ಇರುವುದಿಲ್ಲ. ಕಲಾವಿದರ ಮನೆಯವರು ತಾವೇ ಹೊರತರೋಣ ಎಂದರೆ ಕಾಯ್ದೆ ಬಿಡುವುದಿಲ್ಲ. ಆದ್ದರಿಂದ ಡಿಸ್ಕ್ ಮಾಡುವ ಯೋಚನೆ ಈಗ ಇಲ್ಲದಿದ್ದರೂ ಪರವಾಗಿಲ್ಲ, ಅಂಕಿಗಳನ್ನು ಇಳಿಸಿ ಇಟ್ಟುಕೊಳ್ಳಿ. ಡಿಸ್ಕ್ ಮಾಡುವುದಾದರೆ ಹೊದಿಕೆಯ ಹಿಂದೆ ನಾಲ್ಕು ಸಾಲು ಬರೆಯಿರಿ. ಮೂಲ ಟೇಪು ಯಾವುದು, ಯಾವ ಯಂತ್ರ, ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್. ಮೂಲ ಸಿಗಲಿಲ್ಲ, ಸಿಡಿಯಿಂದಲೇ ಮಾಡಿದ್ದೇವೆ ಎಂದಾದರೆ ಹಾಗೇ ಬರೆಯಿರಿ. ನಾನು ಆಗಲೂ ಕೊಳ್ಳುತ್ತೇನೆ. ಬೆಲೆ ಮಾತ್ರ ಸಿಡಿಯ ಬೆಲೆ ಇರಲಿ.

ಹೊಸ ಡಿಸ್ಕುಗಳಿಂದ ನಮ್ಮ ಸಂಗೀತಕ್ಕೆ ಆಗಬಹುದಾದ ದೊಡ್ಡ ಲಾಭ ಬೇರೆಯೇ ಇದೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಸಿಡಿಗೆ ಹಿಡಿಸುವುದು 74ರಿಂದ 80 ನಿಮಿಷ. ಮೂರು ಗಂಟೆಯ ಕಛೇರಿಯನ್ನು ಅದಕ್ಕಾಗಿ ಎಷ್ಟು ಕೊಯ್ದಿದ್ದೇವೆ! ರಾಗ, ತಾನ ಒಂದು ಡಿಸ್ಕಿನಲ್ಲಿ, ಪಲ್ಲವಿ ಇನ್ನೊಂದರಲ್ಲಿ. ಎಷ್ಟೋ ಕಡೆ ತನಿಯನ್ನೇ ಕಿತ್ತುಹಾಕಿದ್ದಾರೆ. 25 ಗಿಗಾಬೈಟಿನ ಒಂದು ಬ್ಲೂ-ರೇ ಡಿಸ್ಕಿನಲ್ಲಿ 16 ಬಿಟ್, 48 ಕಿಲೋಹರ್ಟ್ಸ್‌ನ ಸ್ಟೀರಿಯೊ ಧ್ವನಿ ಸುಮಾರು 36 ಗಂಟೆ ಹಿಡಿಸುತ್ತದೆ. 24 ಬಿಟ್, 96ರಲ್ಲೂ 12 ಗಂಟೆ. ಅಂದರೆ ವರ್ಣದಿಂದ ಮಂಗಳದವರೆಗೆ, ನಡುವೆ ಶ್ರುತಿ ಸರಿಮಾಡಿಕೊಳ್ಳುವುದೂ ಸೇರಿ, ಒಂದು ಕಛೇರಿ ಇಡಿಯಾಗಿ ಒಂದೇ ಡಿಸ್ಕಿನಲ್ಲಿ ಬರಬಹುದು. 48 ಕಿಲೋಹರ್ಟ್ಸ್‌ನ ಟೇಪಾದರೆ ಅದರ ಅಳತೆಯಲ್ಲೇ, ಏನನ್ನೂ ಏರಿಸದೆ. ಒಂದು ಗಣೇಶೋತ್ಸವದ ಸಂಗೀತ ಸರಣಿಯೇ ಎರಡು ಮೂರು ಡಿಸ್ಕಿಗೆ ಬಂದೀತು. ಇದನ್ನು ಮಾಡಿ ನೋಡಿ. ಕೊಳ್ಳುವವರು ಇದ್ದೇವೆ.

ಇಲಾಖೆಗೆ ನನ್ನ ಕೋರಿಕೆ ಇದು. ಮೈಸೂರಿನಲ್ಲಿ ಒಂದು ಕೋಣೆ ಕೊಡಿ. ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇಲ್ಲೇ ಇದೆ, ಅಲ್ಲೇ ಆದರೆ ಇನ್ನೂ ಒಳ್ಳೆಯದು. ಅಲ್ಲಿ ಎರಡು ಒಳ್ಳೆಯ ಡ್ಯಾಟ್ ಯಂತ್ರ, 60 ಹರ್ಟ್ಸ್‌ನ ಒಂದು ಯೂಮ್ಯಾಟಿಕ್, ಅದಕ್ಕೆ ತಕ್ಕ ಪಿಸಿಎಂ ಪೆಟ್ಟಿಗೆ, ಒಂದು ಬೀಟಾಮ್ಯಾಕ್ಸ್ ಇರಲಿ. ಇವುಗಳ ಹೆಡ್ಡು, ಬೆಲ್ಟು ಬದಲಿಸಲು ಬರುವ ಮೆಕ್ಯಾನಿಕ್ ಒಬ್ಬರು ಬೇಕು. ಅಂಥವರು ಊರಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಅವರ ಕೈಕೆಳಗೆ ಇಬ್ಬರು ಹುಡುಗರೋ ಹುಡುಗಿಯರೋ ಕಲಿಯಲಿ. ಸಭೆಗಳವರು, ಕಲಾವಿದರ ಮನೆಯವರು ಟೇಪು ತಂದು ಕೊಟ್ಟರೆ ಅಂಕಿಗಳನ್ನು ಇಳಿಸಿ, ಎಲ್ಲೆಲ್ಲಿ ತಪ್ಪು ಬಂತು ಎಂಬ ಪಟ್ಟಿಯ ಜೊತೆ ಒಂದು ಪ್ರತಿ ಅವರಿಗೇ ವಾಪಸ್ ಕೊಡಲಿ. ಹಕ್ಕು ಯಾರದೋ ಅವರದೇ ಇರಲಿ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್‌ಎ ಇದಕ್ಕೆಲ್ಲ ಕ್ರಮ ಹೇಳಿದೆ. ಸ್ಪೂಲ್, ಕ್ಯಾಸೆಟ್‌ನಂಥ ಅನಲಾಗ್ ಟೇಪಾದರೆ 24 ಬಿಟ್, 96 ಕಿಲೋಹರ್ಟ್ಸ್‌ಗೆ ಇಳಿಸಿ, ಡಿಜಿಟಲ್ ಟೇಪಾದರೆ ಅದರದೇ ಅಳತೆಯಲ್ಲಿ ಇಳಿಸಿ. ಹೊಸದಾಗಿ ನಿಯಮ ಮಾಡುವ ಕೆಲಸವೂ ಇಲ್ಲ.

ಇದನ್ನು ಮೈಸೂರಿನಲ್ಲಿ ಕೇಳುವುದಕ್ಕೆ ನಮಗೆ ಹಕ್ಕು ಇದೆ. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ರಚನಕಾರ ಕಾಯಿಲೆಯಲ್ಲಿ, ಮರೆವಿನಲ್ಲಿ ಉಳಿದಿದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಸಂಗೀತವನ್ನು ಅವರಿಂದಲೇ ನುಡಿಸಿ ಎಚ್‌ಎಂವಿ ತಟ್ಟೆಗಳಲ್ಲಿ ಮುದ್ರಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. ಆ ಮುದ್ರಣಗಳನ್ನು ಲೋಕ ಈಗಲೂ ಕೇಳುತ್ತಿದೆ. ದೂರದ ಊರಿನ ಒಬ್ಬರ ಧ್ವನಿ ಉಳಿಯಲಿ ಎಂದು ಖರ್ಚು ಮಾಡಿದ ಊರು ಇದು. ವೀಣೆ ದೊರೆಸ್ವಾಮಿ ಅಯ್ಯಂಗಾರರು ತೀರಿಕೊಂಡದ್ದು 1997ರಲ್ಲಿ, ಗಾಯಕ ಆರ್.ಕೆ. ಶ್ರೀಕಂಠನ್ 2014ರಲ್ಲಿ, ಇಲ್ಲೇ ನೆಲೆಸಿದ್ದ ಸರೋದ್ ವಾದಕ ರಾಜೀವ ತಾರಾನಾಥರು 2024ರಲ್ಲಿ. ಅವರೆಲ್ಲ ಮಾಗಿ ನುಡಿಸಿದ, ಹಾಡಿದ ವರ್ಷಗಳು ಈ ಡಿಜಿಟಲ್ ಟೇಪುಗಳ ವರ್ಷಗಳೇ. ಅವರ ಜೊತೆ ಹೆಸರು ಬಾರದ ಎಷ್ಟೋ ವಿದ್ವಾಂಸರೂ ಇದ್ದರು. ಅವರದ್ದು ಕಂಪನಿಗಳ ಹತ್ತಿರವೂ ಇಲ್ಲ. ಯಾರದೋ ಮನೆಯ ಅಟ್ಟದ ಮೇಲಿನ ಡ್ಯಾಟ್‌ನಲ್ಲಿ ಮಾತ್ರ ಇದೆ.

ಸಭೆಗಳವರೂ ಮನೆಯವರೂ ಇವತ್ತೇ ಮಾಡಬಹುದಾದದ್ದು ಇಷ್ಟು. ಟೇಪುಗಳನ್ನು ಹೊರಗೆ ತೆಗೆದು ಒಣ ಬಟ್ಟೆಯಲ್ಲಿ ಡಬ್ಬಿ ಒರೆಸಿ, ನೆಟ್ಟಗೆ ನಿಲ್ಲಿಸಿ ಇಡಿ. ಸ್ಪೀಕರ್ ಹತ್ತಿರ ಬೇಡ, ಅಡುಗೆಮನೆಯ ಗೋಡೆಗೆ ತಾಗಿದ ಬೀರು ಬೇಡ. ಮೇಲೆ ಬರೆದಿರುವ ಚೀಟಿ ಕೀಳಬೇಡಿ, ಒಂದು ಫೋಟೊ ತೆಗೆದಿಡಿ. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಹೆಡ್ಡೂ ಹಾಳು, ಮುಂದಿನ ಟೇಪೂ ಹಾಳು. ಇನ್ನೂ ಓಡುವ ಡ್ಯಾಟ್ ಯಂತ್ರ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಮಾರಬೇಡಿ. ಇಲಾಖೆ ಕೋಣೆ ಕೊಟ್ಟ ದಿನ ಅದರ ಕೆಲಸ ಬೀಳುತ್ತದೆ. ಯಂತ್ರ ಹೊಂದಿಸಲು, ಕಲಿಸಲು ನಾನು ಸಂಬಳವಿಲ್ಲದೆ ಬಂದು ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರಸ್ವತಿಪುರಂನ ಒಬ್ಬ ರೆಕಾರ್ಡಿಂಗ್ ಕೆಲಸಗಾರ,
ಮೈಸೂರು